ಬೋರ್ಡಣ್ಣನ ಮೂರು ಮಾತ್ರೆ, ಒಂದು ಗೆರೆ

ನಮ್ಮ ಬೀದಿಯಲ್ಲಿ ಬೋರ್ಡಣ್ಣನ ಕೈ ತಾಗದ ಅಂಗಡಿ ಇಲ್ಲ. ಬೀಗ ರಿಪೇರಿಯವನು, ಇಸ್ತ್ರಿಯವನು, ಔಷಧಿ ಅಂಗಡಿಯವನು, ಹಲ್ಲಿನ ಡಾಕ್ಟರು, ಎಲ್ಲರ ನೆತ್ತಿಯ ಮೇಲೂ ಅವನ ಅಕ್ಷರಗಳೇ ಕೂತಿವೆ. ಹಲಗೆ ನನ್ನದು, ಬರವಣಿಗೆ ಅವನದು. ನಾನು ಬಡಗಿ. ಶಾಲೆಯ ಮೆಟ್ಟಿಲು ಹತ್ತಿದ್ದು ಅದರ ಬಾಗಿಲು ರಿಪೇರಿಗೆ ಮಾತ್ರ. ನಾಲ್ಕಕ್ಷರ ಬಂದದ್ದು ಅಂಗಡಿ ಬೋರ್ಡು ಓದಿ ಓದಿ. ಹಾಗಾಗಿ ಅಕ್ಷರದ ಗುಣದೋಷ ಹೇಳುವ ಹಕ್ಕು ಪಂಡಿತರಿಗಿಂತ ನನಗೇ ಒಂದು ಗುಲಗಂಜಿ ಹೆಚ್ಚು. ಹೇಳುತ್ತೇನೆ ಕೇಳಿ: ಅವನಷ್ಟು ನೆಟ್ಟಗೆ ಗೆರೆ ಎಳೆಯುವವನನ್ನು ನಾನು ಕಂಡಿಲ್ಲ. ನೂಲು ಹಿಡಿಯುವುದಿಲ್ಲ, ಪಟ್ಟಿ ಇಡುವುದಿಲ್ಲ. ಉಸಿರು ಒಳಗೆ ಎಳೆದುಕೊಂಡು, ಎಡಗೈ ಸೊಂಟಕ್ಕೆ ಕೊಟ್ಟು ಬ್ರಷ್ಷು ಹಚ್ಚಿದನೆಂದರೆ ನಾಲ್ಕಡಿ ಗೆರೆ ಹಲಗೆಯ ಮೇಲೆ ತಾನೇ ಹರಿದಂತೆ ಹರಿಯುತ್ತಿತ್ತು.

ಆ ಕೈಯ ಹಿಂದಿದ್ದ ತಲೆ ಮಾತ್ರ ಒಂದೇ ಸಮನೆ ಇರುತ್ತಿರಲಿಲ್ಲ.

ಏರಿದಾಗ ಅವನಿಗೆ ನಿದ್ದೆಯೂ ಬೇಡ, ಊಟವೂ ಬೇಡ. ಒಂದು ಸಲ ಎಂಟು ದಿನದಲ್ಲಿ ಮೂವತ್ತೊಂದು ಬೋರ್ಡು ಬರೆದ. ಅದರಲ್ಲಿ ಹತ್ತನ್ನು ಯಾರೂ ಕೇಳಿರಲೇ ಇಲ್ಲ. ಯಾವ ಕಾಲದಲ್ಲೋ ಮುಚ್ಚಿದ್ದ ಹಿಟ್ಟಿನ ಗಿರಣಿಗೆ ಹೊಸ ಬೋರ್ಡು ಬರೆದು ನೇತುಹಾಕಿದ. ಜನ ಚೀಲ ಹೊತ್ತು ಬಂದು ಬೀಗಕ್ಕೆ ಬೈದು ವಾಪಸ್ಸು ಹೋದರು. ಹಲ್ಲಿನ ಡಾಕ್ಟರ ಕಾಂಪೌಂಡು ಗೋಡೆಯ ಮೇಲೆ ಮೂವತ್ತೆರಡು ಹಲ್ಲು ಬಿಡಿಸಿದ, ಒಂದೊಂದೂ ಆಳೆತ್ತರ. ರೋಗಿಗಳು ಗೇಟಿನವರೆಗೆ ಬಂದು, ಹಲ್ಲು ನೋಡಿ, ಬಂದ ಕಾಲಲ್ಲೇ ತಿರುಗಿದರು. ಆಮೇಲೆ ಇಳಿಯುತ್ತಿದ್ದ. ಬ್ರಷ್ಷುಗಳು ಡಬ್ಬಿಯಲ್ಲೇ ಒಣಗಿ ಕಡ್ಡಿಯಾಗುತ್ತಿದ್ದವು. ಗೋಡೆಗೆ ಮುಖ ಹಾಕಿ ಮಲಗಿದರೆ ವಾರಗಟ್ಟಲೆ ಅತ್ತಿತ್ತ ಹೊರಳುತ್ತಿರಲಿಲ್ಲ. ಒಮ್ಮೆ ನೋಡಲು ಹೋದಾಗ, "ಅಣ್ಣಾ, ಡಬ್ಬಿ ಮುಚ್ಚಳ ತೆಗೆದು ನೋಡ್ದೆ. ಎಲ್ಲಾ ಬಣ್ಣಾನೂ ಒಂದೇ ತರ ಕಾಣ್ತು" ಅಂದ. ಆವತ್ತು ನನಗೆ ನಗು ಬರಲಿಲ್ಲ.

ಇದಕ್ಕೆ ಬೈಪೋಲಾರ್ ಕಾಯಿಲೆ ಎನ್ನುತ್ತಾರೆ, ಮನಸ್ಸು ಎರಡು ತುದಿಗೂ ಜೀಕುತ್ತದೆ ಎಂದು ಆಸ್ಪತ್ರೆಯ ಮನೋರೋಗದ ಡಾಕ್ಟರಮ್ಮ ಹೇಳಿ ಲಿಥಿಯಂ ಎಂಬ ಮಾತ್ರೆ ಕೊಟ್ಟರು. ಅದೊಂದು ಬಗೆಯ ಉಪ್ಪು ಎಂದು ಕೇಳಿದಾಗ ಬೋರ್ಡಣ್ಣ ಹುಬ್ಬು ಹಾರಿಸಿ, "ಉಪ್ಪಿಗೆ ಇಷ್ಟು ದೂರ ಬರಬೇಕಿತ್ತಾ? ಅಡುಗೆಮನೇಲಿ ಡಬ್ಬಿ ತುಂಬ ಇದೆ" ಅಂದ. ಹೆಂಡತಿ ಅವನ ಪಕ್ಕೆಗೆ ತಿವಿದಳು.

ಆ ಹೆಂಡತಿಯ ಬಗ್ಗೆ ಎರಡು ಮಾತು. ಅವಳು ದರ್ಜಿ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಕುತ್ತಿಗೆಯಲ್ಲಿ ಸದಾ ಅಳತೆ ಟೇಪು. ನನ್ನನ್ನು ಅಣ್ಣ ಅನ್ನುತ್ತಾಳೆ, ನಾನು ಅವಳನ್ನು ತಂಗಿ ಅನ್ನುತ್ತೇನೆ. ಆದರೆ ಅವಳು ಸಿಟ್ಟಾದಾಗ ನಾವಿಬ್ಬರೂ ಅವಳ ಮುಂದೆ ಒಂದನೇ ಕ್ಲಾಸಿನ ಮಕ್ಕಳು.

ಲಿಥಿಯಂ ಕೆಲಸ ಮಾಡಿತು. ಎರಡು ವರ್ಷ ಬೋರ್ಡಣ್ಣ ಮೇಲಕ್ಕೆ ಹಾರಲಿಲ್ಲ, ಕೆಳಕ್ಕೆ ಬೀಳಲಿಲ್ಲ. ಹೊತ್ತಿಗೆ ಸರಿಯಾಗಿ ಮನೆಗೆ ಬಂದ, ಉಂಡ, ಮಲಗಿದ. ಆದರೆ ಕೈ ನಡುಗತೊಡಗಿತು. ಲೋಟ ಹಿಡಿಯಲು, ಗುಂಡಿ ಹಾಕಲು ತೊಂದರೆಯೇನಿಲ್ಲ. ಸಣ್ಣ ನಡುಕ, ಬೇರೆ ಯಾರಿಗಾದರೂ ಆಗಿದ್ದರೆ ಗಮನಕ್ಕೇ ಬರುತ್ತಿರಲಿಲ್ಲ. ಇವನಿಗೆ ಅದೇ ಪ್ರಾಣಸಂಕಟ. ಬರೆದ ಅಕ್ಷರದ ಅಂಚು ಗರಗಸದ ಹಲ್ಲಿನಂತೆ ಬರುತ್ತಿತ್ತು. ಐಸ್ ಮಾರುವವನ ಬೋರ್ಡು ಮಾತ್ರ ಪಾಸಾಯಿತು. "ಆಹಾ, ಅಕ್ಷರ ಚಳಿಗೆ ನಡುಗ್ತಿದೆಯಲ್ಲ! ಈ ಐಡಿಯಾ ಹೇಗೆ ಹೊಳೀತು ಮಾರಾಯ?" ಎಂದು ಅವನು ಬೆನ್ನು ತಟ್ಟಿ ಕಳಿಸಿದ. ಬೋರ್ಡಣ್ಣ ಮನೆಗೆ ಬಂದು ಅತ್ತ. ಕನ್ನಡಕದ ಅಂಗಡಿಯವನು ಒಂದು ತಿಂಗಳ ಮೇಲೆ ಬೋರ್ಡು ಬಿಚ್ಚಿಕೊಂಡು ಬಂದು ನನ್ನ ಅಂಗಡಿಯ ಮುಂದೆ ಒರಗಿಸಿದ.

"ಮೇಸ್ತ್ರಿ, ಇದನ್ನ ನೋಡಿ ಜನ ಕಣ್ಣು ಕೆಟ್ಟಿದೆ ಅಂತ ಹೆದರಿ ಒಳಗೆ ಬರ್ತಾರೆ."

"ವ್ಯಾಪಾರಕ್ಕೆ ಒಳ್ಳೇದಲ್ವೇನಪ್ಪಾ?"

"ಏನೊಳ್ಳೇದು? ಒಳಗೆ ಪರೀಕ್ಷೆ ಮಾಡಿದ್ರೆ ಎಲ್ಲರ ಕಣ್ಣೂ ಸರಿಯಾಗಿರ್ತವೆ. ನಾನೇ ಕಳ್ಳ ಅಂತ ಬೈದು ಹೋಗ್ತಾರೆ!"

ಅಲ್ಲಿಗೆ ಬೋರ್ಡಣ್ಣ ಹಟ ಹಿಡಿದ. ಮಾತ್ರೆ ಬದಲಾಗಲೇಬೇಕು, ಇಲ್ಲವಾದರೆ ಬ್ರಷ್ಷು ಕೆಳಗಿಡಬೇಕು. ಬ್ರಷ್ಷು ಕೆಳಗಿಟ್ಟ ಬೋರ್ಡಣ್ಣ ಎಂದರೆ ಏನು ಎಂದು ಅವನಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.

ಡಾಕ್ಟರಮ್ಮನ ಕೋಣೆಗೆ ಮೂವರೂ ಹೋದೆವು. ಅಲ್ಲಿ ಒಂದು ಕುರ್ಚಿಯ ಕಾಲು ಅಲ್ಲಾಡುತ್ತಿತ್ತು. ನಾನು ಅದರಲ್ಲೇ ಕೂತೆ. ಬೇರೆಯವರು ಕೂತರೆ ನನ್ನ ಜೀವ ಆ ಕಾಲಿಗೇ ಅಂಟಿಕೊಂಡಿರುತ್ತದೆ.

"ಡಾಕ್ಟ್ರಮ್ಮಾ, ನಿಮ್ಮ ಮಾತ್ರೆ ತಲೆ ಹಿಡ್ಕೊಂಡು ಕೈ ಬಿಟ್ಟಿದೆ," ಅಂದ ಬೋರ್ಡಣ್ಣ.

"ರಕ್ತ ಪರೀಕ್ಷೆ ನೋಡಿ ಪ್ರಮಾಣ ಸ್ವಲ್ಪ ಇಳಿಸೋಣ. ನಡುಕಾನೂ ಸ್ವಲ್ಪ ಇಳಿಯುತ್ತೆ. ದಿನಕ್ಕೆ ಎಷ್ಟು ಟೀ ಕುಡೀತೀರಿ? ಟೀ ಕಾಫಿ ಜಾಸ್ತಿಯಾದ್ರೂ ನಡುಕ ಹೆಚ್ಚಾಗುತ್ತೆ."

"ಮೂರು."

"ಹನ್ನೊಂದು," ಅಂದಳು ಹೆಂಡತಿ.

"ಅರ್ಧರ್ಧ ಲೋಟ ಕಣೇ ಅವು!"

"ಅರ್ಧರ್ಧ ಆದ್ರೂ ಐದೂವರೆ ಆಯ್ತು. ಮೂರು ಎಲ್ಲಿಂದ ಬಂತು?"

ಬೋರ್ಡಣ್ಣ ಆ ಮಾತನ್ನು ಕೇಳದವನಂತೆ, "ನನಗೆ ಸ್ವಲ್ಪ ಇಳಿಯೋ ನಡುಕ ಬೇಡ, ಪೂರ್ತಿ ಹೋಗಬೇಕು. ಬೇರೆ ಯಾವ್ಯಾವ ಮಾತ್ರೆ ಇದೆ, ತೋರಿಸಿ. ಯಾವ್ದು ಬೆಸ್ಟು?" ಎಂದ, ಪೇಂಟ್ ಅಂಗಡಿಯ ಕಟ್ಟೆಗೆ ಒರಗಿದವನ ಹಾಗೆ.

ಡಾಕ್ಟರಮ್ಮ ತಾಳ್ಮೆಯ ಹೆಂಗಸು. ಪೆನ್ನು ಕೆಳಗಿಟ್ಟರು. "ಎಲ್ಲರಿಗೂ ಬೆಸ್ಟು ಅನ್ನೋದು ಇಲ್ಲಿ ಇಲ್ಲ. ಲಿಥಿಯಂ ಬಹಳ ಹಳೇದು, ಏರೋದನ್ನೂ ತಡೆಯುತ್ತೆ, ಬೀಳೋದನ್ನೂ ತಡೆಯುತ್ತೆ. ಆದ್ರೆ ರಕ್ತ ಪರೀಕ್ಷೆ ತಪ್ಪಿಸಬಾರದು, ಕಿಡ್ನಿ ಥೈರಾಯ್ಡ್ ನೋಡ್ತಾ ಇರಬೇಕು, ನೀರು ಚೆನ್ನಾಗಿ ಕುಡೀಬೇಕು. ವ್ಯಾಲ್ಪ್ರೋಯೇಟ್ ಅಂತ ಇನ್ನೊಂದು. ಏರಿದ್ದನ್ನ ಇಳಿಸೋದ್ರಲ್ಲಿ ಎತ್ತಿದ ಕೈ. ಕೆಲವರಿಗೆ ಮೈ ಬರುತ್ತೆ, ಕೂದಲು ಉದುರುತ್ತೆ, ಅದರಲ್ಲೂ ನಡುಕ ಬರಬಹುದು. ಮೂರನೇದು ಲ್ಯಾಮೊಟ್ರಿಜಿನ್. ಇದರಲ್ಲಿ ನಡುಕ ಕಮ್ಮಿ, ಮೈ ಬರೋದೂ ಕಮ್ಮಿ. ಆದ್ರೆ ಇದು ಬೀಳೋದನ್ನ ತಡೆಯೋಷ್ಟು ಚೆನ್ನಾಗಿ ಏರೋದನ್ನ ತಡೆಯಲ್ಲ. ಇರುವೆ ಹೆಜ್ಜೇಲಿ ಏರಿಸಬೇಕು. ಮೈಮೇಲೆ ಕೆಂಪು ಗುಳ್ಳೆ ಎದ್ರೆ ತಕ್ಷಣ ನನ್ನ ಹತ್ರ ಬರಬೇಕು, ಅದು ಅಪಾಯ."

"ಹಾಗಾದ್ರೆ ಮೂರನ್ನೂ ನೋಡೇ ಬಿಡೋಣ. ನಾವು ಹೊಸ ಪೇಂಟು ಬಂದ್ರೆ ಹಲಗೆ ಮೇಲೆ ಪಟ್ಟಿ ಪಟ್ಟಿಯಾಗಿ ಬಳಿದು ಬಿಸಿಲಿಗಿಡ್ತೀವಿ. ಯಾವ್ದು ಸಿಪ್ಪೆ ಏಳಲ್ಲ, ಅದು ಗೆದ್ದ ಹಾಗೆ."

"ನಿಮ್ಮನ್ನ ಬಿಸಿಲಿಗಿಡೋಕಾಗಲ್ವಲ್ಲ ಸ್ವಾಮೀ," ಅಂದರು ಡಾಕ್ಟರಮ್ಮ. ಆದರೂ ಅವನ ಸಂಕಟ ಅರ್ಥ ಮಾಡಿಕೊಂಡು, ಲಿಥಿಯಂ ನಿಧಾನವಾಗಿ ಇಳಿಸುತ್ತಾ ವ್ಯಾಲ್ಪ್ರೋಯೇಟ್ ಶುರು ಮಾಡಿದರು.

ಮನೆಗೆ ಬಂದವನೇ ಬೋರ್ಡಣ್ಣ ನನ್ನಿಂದ ಆರಡಿಯ ಒಂದು ಹಲಗೆ ಕೇಳಿದ. ಕೀಸಿ ಕೀಸಿ ಗಾಜಿನಂತೆ ನುಣುಪು ಮಾಡಿ ಕೊಟ್ಟೆ. ಬಿಳಿ ಬಳಿದು ಮನೆಯ ಹೊರಗೋಡೆಗೆ ಹೊಡೆದ. ದಿನಾ ಬೆಳಿಗ್ಗೆ ಎದ್ದೊಡನೆ ಅದರ ಮೇಲೆ ನಾಲ್ಕಡಿಯ ಒಂದು ನೀಲಿ ಗೆರೆ, ಒಂದರ ಕೆಳಗೊಂದು. ಯಾವ ಮಾತ್ರೆಯಲ್ಲಿ ಗೆರೆ ನೆಟ್ಟಗೆ ಬರುತ್ತದೋ ಆ ಮಾತ್ರೆ ಪಾಸು. ತೀರ್ಪುಗಾರ ನಾನು. ಹಲಗೆಯ ತುದಿಗೆ ಕೆನ್ನೆ ಹಚ್ಚಿ, ಒಂದು ಕಣ್ಣು ಮುಚ್ಚಿ ನೋಡಿದರೆ ಕೂದಲೆಳೆಯ ಡೊಂಕೂ ನನ್ನಿಂದ ತಪ್ಪಿಸಿಕೊಳ್ಳಲಾರದು. ನಲವತ್ತು ವರ್ಷದ ಕಣ್ಣು ಇದು. ಈ ಉಪಾಯ ಡಾಕ್ಟರಿಗೂ ಹೊಳೆಯಲಿಲ್ಲವಲ್ಲ ಎಂದು ನಾವಿಬ್ಬರೂ ಬೆನ್ನು ಚಪ್ಪರಿಸಿಕೊಂಡೆವು.

ಹೆಂಡತಿಯ ತೀರ್ಪು ಬೇರೆ ದಾರಿಯದು. ತಿಂಗಳಿಗೊಮ್ಮೆ ಟೇಪು ಅವನ ಸೊಂಟ ಸುತ್ತುತ್ತಿತ್ತು.

"ಉಸಿರು ಬಿಡ್ರೀ. ಹೊಟ್ಟೆ ಒಳಗೆಳ್ಕೋಬೇಡಿ."

"ಎಳ್ಕೊಂಡಿಲ್ಲ ಕಣೇ."

"ಎಳ್ಕೊಂಡೂ ಎರಡಿಂಚು ಜಾಸ್ತಿ. ಹೀಗೇ ಆದ್ರೆ ನಿಮ್ಮ ಒಂದು ಪ್ಯಾಂಟಿಗೆ ನನ್ನ ಇಬ್ಬರು ಗಿರಾಕಿಗಳ ಬಟ್ಟೆ ಬೇಕು. ಬಾಚಣಿಗೆ ನೋಡಿ, ಕೂದಲು ಎಷ್ಟಿದೆ!"

"ಬ್ರಷ್ಷು ಕಟ್ಟೋಕೆ ಬರುತ್ತೆ, ಎತ್ತಿಡು."

"ಬ್ರಷ್ಷಿಗೆ ಬರೋ ಅಷ್ಟು ಗಟ್ಟಿ ಇದ್ದಿದ್ರೆ ನಿಮ್ಮ ತಲೆ ಮೇಲೇ ನಿಂತಿರ್ತಿತ್ತು."

ಗೆರೆಯೂ ಪೂರ್ತಿ ನೆಟ್ಟಗಾಗಲಿಲ್ಲ. ಮೊದಲಿನದು ಗರಗಸವಾದರೆ ಇದು ಸವೆದ ಗರಗಸ. ತಲೆಯೇನೋ ತಣ್ಣಗಿತ್ತು, ಆದರೆ ಹಲಗೆಯ ಪರೀಕ್ಷೆಯಲ್ಲಿ ತಲೆಗೆ ಅಂಕ ಇರಲಿಲ್ಲ. ಬೋರ್ಡಣ್ಣ ಮತ್ತೆ ಡಾಕ್ಟರಮ್ಮನ ಬಾಗಿಲು ತಟ್ಟಿದ. ಅವರು ಅಳೆದೂ ಸುರಿದೂ, ಎರಡನೆಯದು ಇರುವಾಗಲೇ ಮೂರನೆಯದನ್ನು ತೀರ ಸಣ್ಣ ಪ್ರಮಾಣದಲ್ಲಿ ಶುರು ಮಾಡಿದರು. ವಾರಗಟ್ಟಲೆ ಏರಿಸುತ್ತಾ ಹೋಗಬೇಕು, ಮೂರನೆಯದು ಸಾಕಷ್ಟು ಏರಿದ ಮೇಲಷ್ಟೇ ಎರಡನೆಯದನ್ನು ಸ್ವಲ್ಪಸ್ವಲ್ಪವಾಗಿ ಇಳಿಸಬೇಕು. "ನಾನು ಹೇಳೋ ತನಕ ಯಾವುದನ್ನೂ ನಿಲ್ಲಿಸಬಾರದು. ಗುಳ್ಳೆ ಮೇಲೆ ಕಣ್ಣಿಡಿ" ಎಂದು ಹೆಂಡತಿಗೆ ಎರಡು ಸಲ ಹೇಳಿದರು.

ಅವಳಿಗೆ ಎರಡು ಸಲ ಹೇಳಬೇಕಿರಲಿಲ್ಲ. ದಿನಾ ಬೆಳಿಗ್ಗೆ ಅವನನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ಬಟ್ಟೆಯಲ್ಲಿ ತೂತು ಹುಡುಕುವ ಹಾಗೆ ಮೈಯೆಲ್ಲ ಹುಡುಕುತ್ತಿದ್ದಳು. ಹದಿನೈದನೆಯ ದಿನ ನನ್ನ ಅಂಗಡಿಗೆ ಓಡಿ ಬಂದಳು. "ಅಣ್ಣಾ, ಆಟೋ ಕರೀರಿ! ಎದ್ದುಬಿಡ್ತು! ಕುತ್ತಿಗೆ ಮೇಲೆಲ್ಲ ಕೆಂಪಗೆ!"

ಮೂವರೂ ಆಟೋದಲ್ಲಿ ತುರುಕಿಕೊಂಡು ಹೋದೆವು. ಬೋರ್ಡಣ್ಣನ ಮುಖ ಸುಣ್ಣದಂತೆ ಬಿಳಿಚಿತ್ತು. ಡಾಕ್ಟರಮ್ಮ ಕುತ್ತಿಗೆಗೆ ದೀಪ ಹಿಡಿದು ನೋಡಿದರು, ಬಾಯೊಳಗೆ ನೋಡಿದರು, ಕಣ್ಣು ಬಿಡಿಸಿ ನೋಡಿದರು. ಆಮೇಲೆ ಬಗ್ಗಿ ಮೂಸಿದರು.

"ಇದೇನು ವಾಸನೆ?"

"ಟರ್ಪೆಂಟೈನು," ಅಂದಳು ಹೆಂಡತಿ. "ಕೆಂಪು ಚುಕ್ಕೆ ಕಾಣಿಸ್ತು. ಪೇಂಟಿರಬಹುದು ಅಂತ ಟರ್ಪೆಂಟೈನ್ ಹಾಕಿ ಉಜ್ಜಿದೆ. ಉಜ್ಜಿದಷ್ಟೂ ಕೆಂಪಗಾಯ್ತು. ಹಾಗಾದ್ರೆ ಪೇಂಟಲ್ಲ ಅಂತ ಗೊತ್ತಾಗಿ ಓಡಿ ಬಂದೆ."

"ಎಷ್ಟು ಹೊತ್ತು ಉಜ್ಜಿದ್ರಿ?"

"ಕಾಲು ಗಂಟೆ. ಪಾತ್ರೆ ಉಜ್ಜೋ ನಾರಲ್ಲಿ."

ಡಾಕ್ಟರಮ್ಮ ಮುಖ ಆಚೆ ತಿರುಗಿಸಿದರು. ಬೆನ್ನು ಮಾತ್ರ ಕುಲುಕುತ್ತಿತ್ತು. "ಪೇಂಟು ಹೋಗಿದೆ, ಜೊತೆಗೆ ಇವರ ಚರ್ಮಾನೂ ಹೋಗಿದೆ. ಗುಳ್ಳೆ ಅಲ್ಲ ಇದು. ಆದ್ರೂ ಬಂದಿದ್ದು ಸರಿ, ಮುಂದೇನೂ ಅನುಮಾನ ಬಂದ್ರೆ ಹೀಗೇ ಬನ್ನಿ. ನಾರು ಮುಟ್ಟಬೇಡಿ ಅಷ್ಟೇ."

ಅಲ್ಲಿಂದಾಚೆ ಹಲಗೆಯ ಮೇಲೆ ವಿಚಿತ್ರ ನಡೆಯಿತು. ಎರಡನೆಯ ಮಾತ್ರೆ ಇಳಿಯಲು ಶುರುವಾದ ಹಾಗೆ ಗೆರೆ ತಿಳಿಯಾಯಿತು. ಒಂದು ಬೆಳಿಗ್ಗೆ ನಾನು ಕೆನ್ನೆ ಹಚ್ಚಿ ನೋಡುತ್ತೇನೆ, ಹಳೆಯ ಗೆರೆ! ನೀರು ನಿಂತಂತೆ ನಿಂತಿದೆ.

"ಅಣ್ಣಾ?"

"ಪಾಸು ಕಣಪ್ಪಾ. ಫಸ್ಟ್ ಕ್ಲಾಸು."

"ಅರ್ಧ ಇಳಿಸಿದ್ದಕ್ಕೇ ಹೀಗೆ. ಉಳಿದರ್ಧ ಇನ್ನೂ ಒಂದು ತಿಂಗಳು ಯಾಕೆ ಎಳೀಬೇಕು? ನಾಳೆಯಿಂದ್ಲೇ ಬಿಟ್ಟರೆ?"

ಇಲ್ಲಿ ನಾನು ಸುಳ್ಳು ಹೇಳಬಾರದು. "ಡಾಕ್ಟರನ್ನ ಕೇಳು" ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಗೆರೆಯನ್ನು ನೋಡಿ ನನಗೂ ಸೊಕ್ಕು ಬಂದಿತ್ತು. "ಹಲಗೆಯೇ ಹೇಳ್ತಿದೆಯಲ್ಲೋ" ಅಂದುಬಿಟ್ಟೆ. ಅವನು ಎರಡನೆಯ ಮಾತ್ರೆಯನ್ನು ಆವತ್ತೇ ನಿಲ್ಲಿಸಿದ. ಹೆಂಡತಿಗೆ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಹತ್ತು ದಿನ ಹಬ್ಬದ ಹಾಗಿತ್ತು. ಬೋರ್ಡಣ್ಣ ನಗುತ್ತಿದ್ದ, ಎಲ್ಲರನ್ನೂ ನಿಲ್ಲಿಸಿ ಮಾತಾಡಿಸುತ್ತಿದ್ದ. ಬಸ್ ಡಿಪೋದವರು ವೇಳಾಪಟ್ಟಿಯ ದೊಡ್ಡ ತಗಡು ಬೋರ್ಡು ಬರೆಸಬೇಕೆಂದಿದ್ದರು. ನಲವತ್ತೆರಡು ಸಾಲು, ಸಣ್ಣಕ್ಷರ. ಅಂಟಿಸುವ ಪ್ಲಾಸ್ಟಿಕ್ ಅಕ್ಷರದವನು ಆಗಲೇ ಬಾಯಿ ಹಾಕಿದ್ದ. ಬೋರ್ಡಣ್ಣ ಡಿಪೋ ಸಾಹೇಬರ ಮೇಜಿನ ಮೇಲೇ ಒಂದು ಗೆರೆ ಎಳೆದು ತೋರಿಸಿ ಕೆಲಸ ಹಿಡಿದುಕೊಂಡು ಬಂದ.

ಹೆಂಡತಿ ಒಂದು ಸಂಜೆ ಟೇಪು ಹಿಡಿದು ನನ್ನ ಅಂಗಡಿಗೆ ಬಂದಳು. "ಅಣ್ಣಾ, ಅವರ ಗೆರೆ ನೋಡಿದ್ರಾ?"

"ದಿನಾ ನೋಡ್ತೀನಿ. ಎಳ್ಳಷ್ಟೂ ಡೊಂಕಿಲ್ಲ."

"ಡೊಂಕು ಕೇಳಲಿಲ್ಲ. ಉದ್ದ ನೋಡಿದ್ರಾ? ಮೊದಲು ನಾಲ್ಕಡಿ. ಹೋದ ವಾರ ಐದು. ಮೊನ್ನೆ ಹಲಗೆ ತುದಿ ಮುಟ್ಟಿತು. ಇವತ್ತು ಹಲಗೆ ದಾಟಿ ಗೋಡೆ ಮೇಲೆ ಒಂದಡಿ ಹೋಗಿದೆ. ರಾತ್ರಿ ಮೂರು ಗಂಟೆ ಮಲಗಿದ್ರೆ ಹೆಚ್ಚು. ಡಾಕ್ಟರಮ್ಮ ಹೇಳಿದ್ರಲ್ಲ, ಇದು ಏರೋದನ್ನ ಅಷ್ಟಾಗಿ ತಡೆಯಲ್ಲ ಅಂತ. ನೀವಿಬ್ಬರೂ ಆವತ್ತು ಅಲ್ಲೇ ಕೂತಿದ್ರಿ, ಕಿವಿ ಮನೇಲಿ ಬಿಟ್ಟು ಬಂದಿದ್ರಾ?"

ನಾನು ಇಂಗು ತಿಂದ ಮಂಗನಾದೆ. ಮಾತ್ರೆ ನಿಲ್ಲಿಸಿದ ವಿಷಯ ಬಾಯಿಬಿಟ್ಟೆ. ಅವಳು ನನ್ನನ್ನು ಒಂದು ನೋಟ ನೋಡಿದಳು. ಉಳಿ ಜಾರಿ ಕೈ ಕುಯ್ದುಕೊಂಡಾಗಲೂ ನನಗೆ ಅಷ್ಟು ನೋವಾಗಿರಲಿಲ್ಲ. ಬೆಳಿಗ್ಗೆಯೇ ಡಾಕ್ಟರಮ್ಮನ ಹತ್ತಿರ ಹೋಗುವುದೆಂದು ತೀರ್ಮಾನವಾಯಿತು.

ಬೆಳಿಗ್ಗೆ ಬಾಗಿಲು ತೆಗೆದರೆ ನೀಲಿ ಗೆರೆ ನನ್ನ ಹೊಸಿಲಿನ ಪಕ್ಕದಿಂದ ಹಾದು ಹೋಗಿತ್ತು. ಸೊಂಟದೆತ್ತರಕ್ಕೆ, ಗೋಡೆಯ ಮೇಲೆ. ಹಿಂದಕ್ಕೆ ನೋಡಿದೆ, ಅವನ ಮನೆಯ ಹಲಗೆಯಿಂದ ಹೊರಟಿದೆ. ಮುಂದಕ್ಕೆ ನೋಡಿದೆ, ಬೀಗದವನ ಶಟರ್ ಮೇಲೆ, ಇಸ್ತ್ರಿಯವನ ಬಂಡಿಯ ಮೇಲೆ, ನಿಲ್ಲಿಸಿದ್ದ ಮೂರು ಸ್ಕೂಟರುಗಳ ಮೇಲೆ ಸಾಗಿದೆ. ಒಂದು ಕಡೆ ಗೆರೆ ಮುರಿದಿತ್ತು. ವಿಚಾರಿಸಿದರೆ ಅಲ್ಲಿ ನಿಂತಿದ್ದ ಹಾಲಿನ ವ್ಯಾನು ತನ್ನ ಪಾಲಿನ ಗೆರೆ ಹೊತ್ತುಕೊಂಡು ಹೊರಟುಹೋಗಿತ್ತು. ತಂಗಿ ಆಗಲೇ ಟೇಪು ಹಿಡಿದು ಅಳೆಯುತ್ತಾ ತಿರುವಿನ ತನಕ ಬಂದವಳು, ಅಳತೆ ಬಿಟ್ಟು ಓಡತೊಡಗಿದಳು. ನಾನು ಅವಳ ಹಿಂದೆ. ನಮ್ಮ ಹಿಂದೆ ಅರ್ಧ ಬೀದಿ.

ಗೆರೆ ಡಿಪೋದ ಗೇಟು ದಾಟಿ ನಿಂತಿದ್ದ ಬಸ್ಸಿನ ಮಗ್ಗುಲಿಗೆ ಹತ್ತಿತ್ತು. ಅಲ್ಲಿದ್ದ ಬೋರ್ಡಣ್ಣ, ಮುಖದ ತುಂಬ ನಗು, ಬೆವರು. ಬಸ್ಸಿನ ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ ಕೂಗುತ್ತಿದ್ದ.

"ಏನ್ರೀ ಇದು? ಎಲ್ಲಿ ತನಕ ಎಳೀತೀರಿ?"

"ನಿಮ್ಮ ಬಸ್ಸು ಎಲ್ಲಿ ತನಕ ಹೋಗುತ್ತೆ?"

"ನಲವತ್ತು ಮೈಲಿ!"

"ಹಾಗಾದ್ರೆ ಅಲ್ಲೀ ತನಕ!" ಎಂದ ಬೋರ್ಡಣ್ಣ, ಹೆಂಡತಿಯನ್ನು ನೋಡಿ ಅರಳಿದ. "ಬಾರೇ, ನೋಡೇ! ಮನೆಯಿಂದ ಇಲ್ಲೀವರೆಗೆ ಎಲ್ಲಾದ್ರೂ ಅಲುಗಿದೆಯಾ? ಅಣ್ಣನ್ನ ಕೇಳು!"

ಅಣ್ಣ ನೆಲ ನೋಡುತ್ತಿದ್ದ.

"ಅಲುಗಿಲ್ಲ," ಅಂದಳು ಅವಳು. ಏದುಸಿರಿದ್ದರೂ ದನಿ ಮೆತ್ತಗಿತ್ತು. "ತುಂಬ ಚೆನ್ನಾಗಿದೆ. ಈಗ ನಿಲ್ಲಿಸಿ."

"ಹ್ಞಾ?"

"ಬ್ರಷ್ಷು ಎತ್ತಿ. ಇಲ್ಲಿಗೆ ಸಾಕು ಅಂತ ನಿಲ್ಲಿಸಿ ತೋರಿಸಿ."

"ಅಷ್ಟೇ ತಾನೇ?" ಎಂದು ಎತ್ತಿದ. ನಕ್ಕ. ಅವಳ ಮುಖ ನೋಡಿದ. ಕೈ ತಾನಾಗಿಯೇ ಹೋಗಿ ಮತ್ತೆ ತಗಡಿಗೆ ತಾಗಿತು. ಮತ್ತೆ ಎತ್ತಿದ; ಎರಡು ಎಣಿಸುವಷ್ಟರಲ್ಲಿ ಮತ್ತೆ ತಾಗಿತು. ಮೂರನೆಯ ಸಲ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡ. ಅವನ ನಗು ಮುಖದ ಮೇಲೆ ಹಾಗೇ ಇತ್ತು, ಆದರೆ ಕಣ್ಣು ಮಾತ್ರ ಹೆದರಿತ್ತು.

"ಆಗ್ತಿಲ್ವಲ್ಲೇ," ಅಂದ ಸಣ್ಣ ದನಿಯಲ್ಲಿ.

ಆ ಡ್ರೈವರು ಪುಣ್ಯಾತ್ಮ. ಗೇರು ಹಾಕಿ ಬಸ್ಸು ಹೊರಡಿಸಿಕೊಂಡು ಹೋದ. ಬ್ರಷ್ಷು ಗಾಳಿಯಲ್ಲಿ ಉಳಿಯಿತು. ತಂಗಿ ಅದನ್ನು ಮೆಲ್ಲಗೆ ಬಿಡಿಸಿಕೊಂಡು ಅವನ ಕೈ ಹಿಡಿದುಕೊಂಡಳು.

ಡಾಕ್ಟರಮ್ಮ ಆವತ್ತು ನಗಲಿಲ್ಲ. "ಎರಡನೇ ಮಾತ್ರೆ ನಿಲ್ಲಿಸೋಕೆ ಯಾರು ಹೇಳಿದ್ದು?"

ಬೋರ್ಡಣ್ಣ ನನ್ನ ಕಡೆ ನೋಡಿದ. "ಹಲಗೆ," ಅಂದೆ ನಾನು.

"ನೀವು ಬಡಗಿ ಅಲ್ವಾ? ನಾನು ಗರಗಸ ತಗೊಂಡು ಬಂದು ನಿಮ್ಮ ಮನೆ ಮಂಚ ರಿಪೇರಿ ಮಾಡ್ಲಾ? ಸುಮ್ಮನೆ ಮಲಗ್ತೀರಾ ಅದರ ಮೇಲೆ?"

ನಾನು ಕೂತ ಕುರ್ಚಿಯೊಂದೇ ಕಿರುಗುಟ್ಟಿತು.

ಏರಿದ್ದು ಇಳಿಯಲು ಐದಾರು ವಾರ ಹಿಡಿಯಿತು. ಆ ವಾರಗಳಲ್ಲಿ ಅವನಿಗೆ ಬೇರೆ ಮಾತ್ರೆ, ನಿದ್ದೆ, ಬೀದಿಯವರಿಗೆ ಟರ್ಪೆಂಟೈನು. ಡಿಪೋ ಸಾಹೇಬರು ಒಳ್ಳೆಯವರು. ಮೈಗೆ ಹುಷಾರಿಲ್ಲದವನ ಕೆಲಸ ಕಿತ್ತುಕೊಳ್ಳುವುದಿಲ್ಲ, ವಾಸಿಯಾದ ಮೇಲೆ ಬಂದು ಬರೆಯಲಿ ಅಂದರು. ಮನಸ್ಸು ನೆಲಕ್ಕೆ ಬಂದ ಮೇಲೆ ಡಾಕ್ಟರಮ್ಮ ಮತ್ತೆ ಮೂವರನ್ನೂ ಕೂರಿಸಿ ಹೇಳಿದರು: ಮೂರನೆಯದು ಇರಲಿ, ಅದು ಬೀಳುವುದನ್ನು ನೋಡಿಕೊಳ್ಳುತ್ತದೆ. ಏರುವುದಕ್ಕೆ ಲಿಥಿಯಂ ವಾಪಸ್ಸು, ಮೊದಲಿಗಿಂತ ಕಮ್ಮಿ. ಕೈ ನಡುಗುತ್ತದೆ, ಮೊದಲಿನಷ್ಟಲ್ಲ. ಆದರೆ ಪೂರ್ತಿ ನಿಲ್ಲುವುದಿಲ್ಲ.

ಮನೆಯಲ್ಲಿ ಬೋರ್ಡಣ್ಣ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ತುಂಬ ಹೊತ್ತು ಕೂತ. ಹೊಲಿಗೆ ಯಂತ್ರ ಓಡುತ್ತಿತ್ತು.

"ಡಿಪೋ ಬೋರ್ಡು ಮುಗಿಯೋ ತನಕ ಲಿಥಿಯಂ ಬೇಡ. ಆಮೇಲೆ ಜೀವಮಾನ ಪೂರ್ತಿ ತಗೋತೀನಿ. ಒಂದೇ ಒಂದು ಬೋರ್ಡು ಕಣೇ. ಜನ ದಿನಾ ಓದೋದು."

ಯಂತ್ರ ನಿಂತಿತು. "ನಿಮ್ಮ ಕೈ, ನಿಮ್ಮಿಷ್ಟ," ಅಂದಳು. "ಆದ್ರೆ ನೆಟ್ಟಗೆ ಬರೆಯೋನ ಜೊತೆ ಹನ್ನೆರಡು ವರ್ಷ ಬಾಳಿದೀನಿ. ಅವನು ಯಾವತ್ತು ಮನೆಗೆ ಬರ್ತಾನೆ, ಬಂದೋನು ಯಾವಾಗ ಗೋಡೆ ಕಡೆ ತಿರುಗಿ ಮಲಗ್ತಾನೆ, ಒಂದೂ ಗೊತ್ತಿರ್ತಿರಲಿಲ್ಲ. ಸೊಟ್ಟಗೆ ಬರೆಯೋನ ಜೊತೆ ಎರಡೇ ವರ್ಷ ಇದ್ದೆ. ಅವನೇ ನನಗೆ ಇಷ್ಟ ಆಗಿದ್ದು."

ಬೋರ್ಡಣ್ಣ ಮಾತ್ರೆ ಬಾಯಿಗೆ ಹಾಕಿಕೊಂಡು, ಕೈಗೆ ಸಿಕ್ಕಿದ ಲೋಟ ಎತ್ತಿ ಕುಡಿದ.

"ಅದು ಟೀ," ಅಂದಳು.

"ಅರ್ಧ ಲೋಟ!"

ನಾನು ಅವನಿಗೊಂದು ಕೈಗೋಲು ಮಾಡಿಕೊಟ್ಟೆ. ಮೂರಡಿಯ ಹಗುರ ಕೋಲು. ತುದಿಗೆ ತಂಗಿ ಹತ್ತಿಯ ಉಂಡೆ ಇಟ್ಟು ಬಟ್ಟೆ ಹೊಲಿದಳು. ಆ ತುದಿಯನ್ನು ಬೋರ್ಡಿಗೆ ಆನಿಸಿ ಕೋಲಿನ ಮೇಲೆ ಮಣಿಕಟ್ಟು ಊರಿದರೆ ನಡುಕ ಮುಕ್ಕಾಲು ಪಾಲು ಕೋಲಿಗೆ ಇಳಿಯುತ್ತದೆ. ದೊಡ್ಡ ದೊಡ್ಡ ಚಿತ್ರಕಾರರೂ ಬಳಸುವ ಸಾಮಾನು ಅದು. ಇವನು ಮಾತ್ರ, ಮುದುಕನಿಗೆ ದೊಣ್ಣೆ ಕೊಟ್ಟ ಹಾಗಾಯಿತು ಎಂದು ಒಂದು ವಾರ ಮುಖ ಗಂಟು ಹಾಕಿಕೊಂಡಿದ್ದ. ಎಂಟನೆಯ ದಿನ ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಡಿಪೋಗೆ ಹೊರಟ. ನಾನು ಏಣಿ ಹೊತ್ತು ಹಿಂದೆ ಹೋದೆ.

ಬೆಳಿಗ್ಗೆಯಿಂದ ಬರೆದ. ಅಕ್ಷರ ಹಳೆಯ ಅಕ್ಷರದಂತಿರಲಿಲ್ಲ. ಹತ್ತಿರ ನಿಂತರೆ ಅಲ್ಲಲ್ಲಿ ಅಂಚು ಸಣ್ಣಗೆ ಉಸಿರಾಡಿದಂತೆ ಕಾಣುತ್ತಿತ್ತು. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಇಲ್ಲ. ಬಸ್ಸಿಗೆ ಕಾಯುವವರಿಗೆ ಅದರ ಗೊಡವೆಯೇ ಇರಲಿಲ್ಲ. ಅವರು ಹೊತ್ತು ಓದಿಕೊಂಡು, ಗಡಿಯಾರ ನೋಡಿಕೊಂಡು, ಡ್ರೈವರಿಗೆ ಬೈದುಕೊಂಡು ಹೋಗುತ್ತಿದ್ದರು. ನಾನು ಏಣಿಯ ಕಾಲು ಹಿಡಿದುಕೊಂಡು ಮೇಲೆ ನೋಡುತ್ತಲೇ ಇದ್ದೆ. ಗೆರೆ ನೋಡಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಅವನ ಮುಖ ನೋಡುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಸಾಲು ಮುಗಿದು ಹನ್ನೆರಡನೆಯದು ಅರ್ಧವಾಗಿತ್ತು. ಊರ ಹೆಸರಿನಲ್ಲಿ ಇನ್ನೆರಡು ಅಕ್ಷರ ಬಾಕಿ. ಬೋರ್ಡಣ್ಣ ಬ್ರಷ್ಷು ಎತ್ತಿದ, ಅದನ್ನು ಒರೆಸಿದ, ಡಬ್ಬಿಯ ಮುಚ್ಚಳ ಒತ್ತಿದ.

"ಏನಾಯ್ತೋ? ಬಣ್ಣ ಮುಗೀತಾ?"

"ಇಲ್ಲ."

"ಕೈ ನೋಯ್ತಾ?"

"ಇಲ್ಲಣ್ಣಾ." ಒಂದೊಂದೇ ಮೆಟ್ಟಿಲು ಇಳಿದು ಬಂದ. "ಇವತ್ತಿಗೆ ಸಾಕು. ಹಸಿವಾಗ್ತಿದೆ. ಮನೇಲಿ ಕಾಯ್ತಿರ್ತಾಳೆ."

ಮೂವತ್ತು ವರ್ಷದ ಪರಿಚಯದಲ್ಲಿ ಅವನು ಒಂದು ಪದವನ್ನು ಅರ್ಧಕ್ಕೆ ಬಿಟ್ಟು ಏಣಿ ಇಳಿದದ್ದು ನಾನು ಕಂಡಿರಲಿಲ್ಲ. ಅವನಿಗೆ ನನ್ನ ಮುಖ ಕಾಣದಿರಲೆಂದು ಏಣಿ ಮಡಚುವ ನೆಪದಲ್ಲಿ ಬಗ್ಗಿದೆ.

ಅಷ್ಟರಲ್ಲಿ ಚೀಲ ಹಿಡಿದ ಒಬ್ಬ ಅಜ್ಜಿ ಬಂದು ಬೋರ್ಡನ್ನು ಎರಡು ಸಲ ಓದಿ ಅವನನ್ನೇ ಹಿಡಿದುಕೊಂಡಳು. "ಅಲ್ಲಪ್ಪಾ, ನಮ್ಮೂರ ಹೆಸರು ಅರ್ಧ ಇದೆಯಲ್ಲ, ಬಸ್ಸೂ ಅರ್ಧ ದಾರಿಗೇ ಹೋಗುತ್ತಾ?"

"ಇಲ್ಲಜ್ಜೀ, ಬಸ್ಸು ಪೂರ್ತಿ ಹೋಗುತ್ತೆ," ಅಂದ ಬೋರ್ಡಣ್ಣ. "ಉಳಿದ ಅಕ್ಷರ ನಾಳೆ ಬೆಳಿಗ್ಗೆ ಬರ್ತವೆ."